ಗುಡ್ಡಮ್ಮನ ಚೊಗರಿನ ಬಾಟಲಿ

ಗುಡ್ಡಮ್ಮ ಓದಿದ್ದು ಏಳನೇ ಕ್ಲಾಸು. ಹಾಗಿದ್ದೂ ಕೊಪ್ಪದ ಆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವಳ ಅಪ್ಪಣೆ ಇಲ್ಲದೆ ಒಂದು ಬೀಕರು ಕೂಡ ಜಾಗ ಬದಲಿಸುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿನ ಅಟೆಂಡರ್. ಈ ಅವಧಿಯಲ್ಲಿ ನಾಲ್ವರು ಪ್ರಿನ್ಸಿಪಾಲರು ಬಂದು ಹೋದರು, ಮೂರು ಸಲ ಸಿಲೆಬಸ್ಸು ಬದಲಾಯಿತು, ಗುಡ್ಡಮ್ಮ ಮಾತ್ರ ಬದಲಾಗಲಿಲ್ಲ. ಪಿಪೆಟ್ಟು ಒಡೆದ ಹುಡುಗರು ಪ್ರಿನ್ಸಿಪಾಲರ ಎದುರು ಎದೆಯುಬ್ಬಿಸಿ ನಿಲ್ಲುತ್ತಾರೆ. ಗುಡ್ಡಮ್ಮನ ಎದುರು ಮಾತ್ರ ಚೂರುಗಳನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ.

ಅವಳ ಗಂಡ ತಿಮ್ಮಪ್ಪ ಅದೇ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ಅನುಕಂಪದ ಕೆಲಸ ಅಂತ ಅವಳಿಗೆ ಸಿಕ್ಕಿದ್ದು ಇದು. ಅದಕ್ಕೂ ಮೊದಲು, ಕಡಹಿನಬೈಲಿನ ತವರಿನಲ್ಲಿದ್ದಾಗ, ಅವಳದು ಅಡಿಕೆ ಬೇಯಿಸುವ ಕೈ. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಗೆ ಸುರಿದು, ಅದಕ್ಕೆ ಚೊಗರು ಬೆರೆಸಿ, ಎಷ್ಟು ಕುದಿಯಬೇಕು, ಯಾವ ಗಳಿಗೆಯಲ್ಲಿ ಇಳಿಸಬೇಕು ಅಂತ ನೋಡುವ ಕೆಲಸ. ಚೊಗರು ಅಂದರೆ ಮತ್ತೇನಲ್ಲ, ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು. ಅದನ್ನು ಚೆಲ್ಲುವವರು ದಡ್ಡರು. ಗಟ್ಟಿ ಮಾಡಿ ಕಾದಿಟ್ಟುಕೊಂಡರೆ ಹೊಸ ಅಡಿಕೆಗೆ ಬಣ್ಣ ಕೊಡುವುದು ಅದೇ. ಸಪ್ಪೆ ಮುಖದ ಅಡಿಕೆಗೆ ಒಂದು ಸೌಟು ಹಳೇ ಚೊಗರು ಬಿದ್ದರೆ ಮದುವಣಗಿತ್ತಿಯ ಕಳೆ ಬರುತ್ತದೆ ಎಂದು ಗುಡ್ಡಮ್ಮ ಈಗಲೂ ಹೇಳುತ್ತಾಳೆ.

ಆ ಅಂಗಳದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಒಣಗಿದ ಅಡಿಕೆಯನ್ನು ಕೊಳ್ಳಲು ಬಂದ ಮಂಡಿಯವನು ರಾಶಿಗೆ ಕೈ ಹಾಕಿ, "ಇದು ಯಾರ ಕೈಯಿಂದು?" ಅಂತ ಕೇಳುತ್ತಿದ್ದ. ಬಣ್ಣ ಚೆನ್ನಾಗಿದ್ದರೂ ಸರಿ, ಕೆಟ್ಟಿದ್ದರೂ ಸರಿ, ಬೇಯಿಸಿದವಳು ಮುಂದೆ ಬಂದು "ನನ್ನ ಕೈಯಿಂದು" ಅನ್ನಬೇಕು. ಹದಿನಾರರ ಹುಡುಗಿ ಗುಡ್ಡಮ್ಮ ಒಮ್ಮೆ ಇಡೀ ಹಂಡೆ ಹೊತ್ತಿಸಿ, ಅಳುತ್ತಾ ಮುಂದೆ ಬಂದು ಹಾಗೆ ಹೇಳಿದ್ದಳು. ಬೈಗುಳ ತಿಂದಳು, ಆದರೆ ಮಾರನೆಯ ದಿನ ಹಂಡೆ ಮತ್ತೆ ಅವಳ ಕೈಗೇ ಬಂತು.

ಇಂಥ ಗುಡ್ಡಮ್ಮನ ರಾಜ್ಯಕ್ಕೆ ಸಬೀಹಾ ಮೇಡಂ ಕಾಲಿಟ್ಟಿದ್ದು ಒಂಬತ್ತು ವರ್ಷದ ಹಿಂದೆ. ನರಸಿಂಹರಾಜಪುರದ ಬಟ್ಟೆ ವ್ಯಾಪಾರಿ ಅಬ್ದುಲ್ ರಹಮಾನ್ ಅವರ ಮಗಳು. ತೆಳ್ಳಗಿನ, ಮೆತ್ತಗೆ ಮಾತಾಡುವ ಹೆಂಗಸು. ಬಂದ ಮೂರು ವರ್ಷಕ್ಕೆ, ಪಾಠ ಮಾಡುವುದರ ಜೊತೆಗೆ ಪಿಎಚ್.ಡಿ. ಅಂತ ಒಂದು ಹೊರೆಯನ್ನೂ ತಲೆಯ ಮೇಲೆ ಹೊತ್ತುಕೊಂಡರು. ಕ್ಲಾಸು ಮುಗಿದ ಮೇಲೆ ಎಲ್ಲರೂ ಬಸ್ಸು ಹಿಡಿಯಲು ಓಡಿದರೆ ಇವರು ಲ್ಯಾಬಿನ ಮೂಲೆಯಲ್ಲಿ ಫ್ಲಾಸ್ಕು ಇಟ್ಟುಕೊಂಡು ಏನನ್ನೋ ಕುದಿಸುತ್ತಾ ಕೂರುತ್ತಿದ್ದರು.

ಮೊದಮೊದಲು ಗುಡ್ಡಮ್ಮನಿಗೆ ಇದು ಹಿಡಿಸಲಿಲ್ಲ. ಕುದಿಯುವ ಆ ಆಸಿಡ್ಡಿನ ನಾತ ಅಷ್ಟಿಷ್ಟಲ್ಲ, ಹಳಸಿದ ಬೆಣ್ಣೆಯನ್ನು ಬೆವರಿನಲ್ಲಿ ಅದ್ದಿದ ಹಾಗೆ. ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರು ಕಲ್ಲೇಶ್ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಪಾಠ ಮಾಡುತ್ತಿದ್ದರು. ಆದರೆ ಒಂದು ಸಂಜೆ ಆ ಕರಿ ಡಾಂಬರಿನಂಥ ದ್ರವ ಆರಿದ ಮೇಲೆ, ಸೋಸುವ ಕಾಗದದ ಮೇಲೆ ನೇರಳೆ ಬಣ್ಣದ ಹರಳು ಮಿನುಗಿದವು. ಸಬೀಹಾ ಅದರಿಂದ ಚಿಟಿಕೆಯಷ್ಟು ತೆಗೆದು ದ್ರಾವಕದಲ್ಲಿ ಕರಗಿಸಿ, ಕಿಟಕಿ ಮುಚ್ಚಿ, ಯು.ವಿ. ಲ್ಯಾಂಪು ಹಿಡಿದರು. ನೇರಳೆ ನೀರು ಕೆಂಡದ ಹಾಗೆ ಕೆಂಪಗೆ ಉರಿಯಿತು.

"ಅಯ್ಯಪ್ಪಾ! ಎಂತ ಮಾರಾಯ್ತಿ ಇದು!" ಅಂದಳು ಗುಡ್ಡಮ್ಮ. ಮೇಡಂ ಅನ್ನುವುದೂ ಮರೆತು ಹೋಗಿತ್ತು.

"ಇದರ ಹೆಸರು ಪಾರ್ಫಿರಿನ್. ಎಲೆಯೊಳಗೆ ಹಸಿರು ಇದೆಯಲ್ಲ, ಅದಕ್ಕೆ ಇದು ದೊಡ್ಡಮ್ಮನ ಮಗಳು," ಅಂದರು ಸಬೀಹಾ.

ಅವತ್ತಿನಿಂದ ಗುಡ್ಡಮ್ಮ ಆ ಕೆಲಸಕ್ಕೆ ಒಲಿದಳು. ಬಣ್ಣ ಅಂದರೆ ಅವಳಿಗೆ ಗೊತ್ತಿಲ್ಲದ್ದೇನು! ಕುದಿ ಹೆಚ್ಚಾಯಿತು, ಕಮ್ಮಿಯಾಯಿತು ಎಂದು ದೂರದಿಂದಲೇ ಹೇಳುತ್ತಿದ್ದಳು, ಹತ್ತಕ್ಕೆ ಒಂಬತ್ತು ಸಲ ಅದು ನಿಜವಾಗುತ್ತಿತ್ತು. ಫ್ಲಾಸ್ಕಿನ ತಳದಲ್ಲಿ ಅಂಟಿ ಉಳಿದ ನೇರಳೆ ಪುಡಿಯನ್ನು ತೊಳೆದು ಚೆಲ್ಲಲು ಮನಸ್ಸು ಬಾರದೆ, ಕೆರೆದು ಕೆರೆದು ಒಂದು ಗಾಜಿನ ಬಾಟಲಿಯಲ್ಲಿ ತುಂಬಿಟ್ಟಳು. ಸಬೀಹಾ ಅದನ್ನು ನೋಡಿ ನಕ್ಕು, ಬಾಟಲಿಗೆ ತಾವೇ 'ಚೊಗರು' ಅಂತ ಚೀಟಿ ಅಂಟಿಸಿದರು. ಅದು ಗುಡ್ಡಮ್ಮನ ಸ್ವಂತ ಕಪಾಟಿನಲ್ಲಿ, ಅವಳ ಊಟದ ಡಬ್ಬಿಯ ಜಾಗಕ್ಕಿಂತ ಒಂದು ಮೆಟ್ಟಿಲು ಮೇಲೆ ಕೂತಿತು. ಬೆಳಿಗ್ಗೆ ಬಂದವಳೇ ಬಣ್ಣದ ಫ್ಲಾಸ್ಕುಗಳಿಗೆಲ್ಲ ಒಂದು ಸಲ ಲ್ಯಾಂಪು ತೋರಿಸಿ, ಎಲ್ಲ ಉರಿಯುತ್ತಿವೆ ಅಂತ ಖಾತ್ರಿ ಮಾಡಿಕೊಂಡೇ ಅವಳು ಕಸ ಗುಡಿಸಲು ಶುರು ಮಾಡುವುದು. ದೇವರಿಗೆ ದೀಪ ಹಚ್ಚುವವರು ಇದ್ದಾರೆ, ಗುಡ್ಡಮ್ಮನದು ಇದು.

ಹೀಗೆ ಆರು ವರ್ಷ ಕಳೆಯಿತು. ಸಬೀಹಾ ಮಾಡಬೇಕಾಗಿದ್ದದ್ದು ಬರೀ ಪಾರ್ಫಿರಿನ್ ಅಲ್ಲ. ಅದರ ಒಂದು ಮೂಲೆಗೆ ಕ್ವಿನೋನ್ ಎಂಬ ಇನ್ನೊಂದು ತುಂಡನ್ನು ಕೂಡಿಸಿ, ಎಲೆಯೊಳಗೆ ನಡೆಯುವ ಕೆಲಸವನ್ನು ಅಣಕು ಮಾಡಿ ತೋರಿಸುವ ಒಂದು ಮಾದರಿ ಅಣು. ಕೂಡಿಸಿದ್ದು ಬಿಡುತ್ತಿತ್ತು, ಬಿಡದಿದ್ದರೆ ಸುಡುತ್ತಿತ್ತು. ವಿಶ್ವವಿದ್ಯಾಲಯ ಎರಡು ಸಲ ಗಡುವು ಮುಂದೂಡಿ, ಇದೇ ಕೊನೆ ಅಂತ ಪತ್ರ ಬರೆಯಿತು. ಅಣು ಸಿದ್ಧವಾದರೆ ಸಾಲದು, ಅದನ್ನು ಬೆಂಗಳೂರಿನ ಒಂದು ಲೇಸರ್ ಯಂತ್ರದಲ್ಲಿಟ್ಟು ಅಳೆಯಬೇಕು. ಎಂಟು ತಿಂಗಳು ಕಾದು ಸಿಕ್ಕ ಸರದಿ ಆ ಸೋಮವಾರ. ಅದು ತಪ್ಪಿದರೆ ಗಡುವಿನೊಳಗೆ ಇನ್ನೊಂದು ಸರದಿ ಇಲ್ಲ, ಪಿಎಚ್.ಡಿ.ಯೂ ಇಲ್ಲ.

ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಹಿಂದಿನ ಸೋಮವಾರ ಸಂಜೆ, ಸಬೀಹಾ ಕೊನೆಯ ಹಂತ ಮುಗಿಸಿದರು. ಮಂಗಳವಾರದಿಂದ ಮೂರು ದಿನ ಅವರಿಗೆ ಶೃಂಗೇರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿ. ಫ್ಲಾಸ್ಕಿಗೆ ಕಾಗದ ಸುತ್ತಿ ಫ್ರಿಜ್ಜಿನಲ್ಲಿಟ್ಟರು. ಲ್ಯಾಂಪು ಹಿಡಿದು ನೋಡಲಿಲ್ಲ. ರಿಸಲ್ಟಿನ ದಿನ ನೋಟೀಸ್ ಬೋರ್ಡಿನ ಹತ್ತಿರ ಹೋಗಲು ಹೆದರುವವರು ಇರುತ್ತಾರಲ್ಲ, ಹಾಗೆ.

"ಬಂದ ಮೇಲೆ ನೋಡೋಣ ಗುಡ್ಡಮ್ಮಾ. ಜೋಪಾನ," ಅಂದು ಬಸ್ಸು ಹತ್ತಿದರು.

ಜೋಪಾನ ಅಂದಿದ್ದೇ ತಪ್ಪಾಯಿತು. ಮಂಗಳವಾರ ಗುಡ್ಡಮ್ಮ ಫ್ರಿಜ್ಜಿನ ತಂಟೆಗೆ ಹೋಗಲಿಲ್ಲ. ಬುಧವಾರ ಬೆಳಿಗ್ಗೆ ವಾಡಿಕೆಯಂತೆ ಲ್ಯಾಂಪು ಹಿಡಿದವಳು ತಡೆಯಲಾರದೆ ಅದನ್ನೂ ಹೊರಗೆ ತೆಗೆದಳು. ಎಲ್ಲ ಫ್ಲಾಸ್ಕುಗಳೂ ಉರಿದವು. ಫ್ರಿಜ್ಜಿನದು ಉರಿಯಲಿಲ್ಲ. ಕಣ್ಣುಜ್ಜಿಕೊಂಡು, ಕಿಟಕಿಗೆ ಇನ್ನೊಂದು ಗೋಣಿ ಅಡ್ಡ ಕಟ್ಟಿ, ಮತ್ತೆ ನೋಡಿದಳು. ಕಪ್ಪಗೆ, ಮಂಕಾಗಿ, ಎಂತದೂ ಇಲ್ಲ. ಆರು ವರ್ಷದ ಬೆವರು ಎರಡೇ ದಿನ ತನ್ನ ಕೈಲಿದ್ದಾಗ ಸತ್ತು ಹೋಯಿತಲ್ಲ ಅಂತ ಅವಳು ಹಣೆ ಚಚ್ಚಿಕೊಂಡಳು. ಮೇಡಂಗೆ ಫೋನು ಮಾಡೋಣವೆಂದರೆ ಪರೀಕ್ಷೆ ನಡೆಸುತ್ತಿರುತ್ತಾರೆ, ಗಾಬರಿಯಾದಾರು. ಅಷ್ಟರಲ್ಲಿ ಕಪಾಟಿನ ಬಾಟಲಿ ಕಣ್ಣಿಗೆ ಬಿತ್ತು. ಸಪ್ಪೆ ಹಂಡೆಗೆ ಏನು ಮದ್ದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಮಚದ ತುದಿಯಲ್ಲಿ ಚೂರು ಹಳೇ ಪುಡಿ ತೆಗೆದು, ಫ್ಲಾಸ್ಕಿಗೆ ಹಾಕಿ, ಮೆಲ್ಲಗೆ ಕುಲುಕಿ ಲ್ಯಾಂಪು ಹಿಡಿದಳು.

ಉರಿಯಿತು! ಮೊದಲಿನ ಹಾಗೆಯೇ, ಕೆಂಡದ ಹಾಗೆ. ಗುಡ್ಡಮ್ಮ ಕೈ ಮುಗಿದು, ಅವತ್ತು ಕಲ್ಲೇಶ್ ಮೇಷ್ಟ್ರಿಗೂ ಒಂದು ಟೀ ತಂದುಕೊಟ್ಟಳು. ಮೇಷ್ಟ್ರು ಟೀಯನ್ನು ಅನುಮಾನದಿಂದ ಎರಡು ಸಲ ಮೂಸಿ ಕುಡಿದರು.

ಗುರುವಾರ ಸಂಜೆ ಸಬೀಹಾ ಬಸ್ಸಿಳಿದವರು ನೇರ ಲ್ಯಾಬಿಗೇ ಬಂದರು. ಚೀಲ ಕೂಡ ಕೆಳಗಿಡದೆ ಫ್ಲಾಸ್ಕು ತೆಗೆದು ಲ್ಯಾಂಪು ಒತ್ತಿದರು. ಕೆಂಪು ಬೆಳಕು ಅವರ ಮುಖದ ಮೇಲೆ ಬಿತ್ತು. ಪಕ್ಕದಲ್ಲಿ ನಿಂತ ಗುಡ್ಡಮ್ಮ ಶಭಾಷ್ ಎನಿಸಿಕೊಳ್ಳಲು ಕಾಯುತ್ತಿದ್ದಳು. ಸಬೀಹಾ ಲ್ಯಾಂಪು ಆರಿಸಿ ಸ್ಟೂಲಿನ ಮೇಲೆ ಕುಸಿದರು.

"ಆಗಲಿಲ್ಲ ಗುಡ್ಡಮ್ಮಾ. ಎಲ್ಲ ಮುಗೀತು."

"ಎಂತಕ್ಕೆ ಮೇಡಂ? ಎಷ್ಟು ಚೆಂದ ಉರೀತಿದೆಯಲ್ಲ!"

"ಉರೀಬಾರದಿತ್ತು," ಅಂದರು ಸಬೀಹಾ. ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಪಾಠ ಮಾಡುವವರ ಜಾತಿಯೇ ಹಾಗೆ, ಕೇಳಿದರೆ ಹೇಳದೆ ಇರಲಾರರು. "ಮನೆಗೆ ಹೆಂಚು ಹೊದಿಸುವಾಗ ಸಾಲಾಗಿ ನಿಂತು ಕೈಯಿಂದ ಕೈಗೆ ಎಸೀತಾರಲ್ಲ. ಮುಂದಿನವನು ಹಿಡಿದರೆ ಶಬ್ದ ಇಲ್ಲ. ಹಿಡೀದಿದ್ರೆ?"

"ಕೆಳಗೆ ಬಿದ್ದು ಒಡೀತದೆ. ಫಳಾರ್ ಅಂತ."

"ಹಂಗೇ ಇದೂ. ಬೆಳಕು ಬಿದ್ದ ಕೂಡ್ಲೆ ಪಾರ್ಫಿರಿನ್ ಒಂದು ಎಲೆಕ್ಟ್ರಾನನ್ನ ಎಸೀಬೇಕು, ಪಕ್ಕದ ಕ್ವಿನೋನ್ ಹಿಡೀಬೇಕು. ಎಲೆಯೊಳಗೆ ಹಂಗೆ ಕೈಯಿಂದ ಕೈಗೆ ದಾಟೋದ್ರಿಂದಲೇ ಗಿಡ ಬದುಕೋದು, ನಾವು ಬದುಕೋದು. ಯಾರೂ ಹಿಡೀದಿದ್ರೆ ತಗೊಂಡ ಬೆಳಕು ಹಂಗೇ ಚೆಲ್ಲಿ ಹೋಗ್ತದೆ. ಈ ಕೆಂಪು ಇದೆಯಲ್ಲ, ಇದು ಹೆಂಚು ಒಡೆದ ಶಬ್ದ. ನಾನು ಕೂಡಿಸಿದ್ದು ಹಿಡೀತಾ ಇಲ್ಲ. ಹಿಡಿದಿದ್ರೆ ಇದು ಕಪ್ಪಗಿರ್ತಿತ್ತು."

ಗುಡ್ಡಮ್ಮನ ಕೈಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಆಗಿದೆ ಅಂತ ಅವಳಿಗೆ ಆಗಲೇ ತಿಳಿಯಿತು. ಹೇಳುವ ಬದಲು ಬಟ್ಟೆ ಹೆಕ್ಕಲು ಬಗ್ಗಿದಳು.

"ನಾಳೆ ಬೆಂಗಳೂರಿಗೆ ಫೋನು ಮಾಡಿ ಸರದಿ ಬೇಡ ಅಂತ ಹೇಳ್ತೀನಿ," ಎಂದು ಸಬೀಹಾ ಎದ್ದು ಹೋದರು. ಅವರ ಬಿ.ಎಸ್ಸಿ. ಹುಡುಗರೇ ಆಗಿದ್ದರೂ ಮೊದಲು ಒಂದು ಹನಿ ತೆಗೆದು ಪರೀಕ್ಷಿಸಿ ನೋಡುತ್ತಿದ್ದರು. ಆದರೆ ಮನಸ್ಸು ಮುರಿದಾಗ ವಿದ್ಯೆ ನೆನಪಿಗೆ ಬರುತ್ತದೆಯೇ!

ಹರಿಹರಪುರದ ಮನೆಯಲ್ಲಿ ಅವತ್ತು ಗುಡ್ಡಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಗಳು ಅನಿತಾ ಒಂದು ತುತ್ತು ಬಾಯಿಗಿಟ್ಟು, "ಎಂತಾಗಿದೆ ನಿಂಗೆ?" ಅಂತ ಕೇಳಿದರೆ, "ನಾನೆಂತ ಮಾಡಿದೀನಿ ಅಂತ ಕೇಳ್ತೀಯಾ?" ಎಂದು ರೇಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅದು ನಿಜ. ಅಣು ತಾನಾಗಿಯೇ ಕೆಟ್ಟಿತು ಅಂತ ಮೇಡಂ ನಂಬಿಕೊಂಡು ಇರುತ್ತಾರೆ. ಹೇಳಿದರೆ, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಗದರದ ಆ ಹೆಂಗಸು ಇನ್ನು ಮುಂದೆ ತನ್ನ ಮುಖ ನೋಡುವುದಿಲ್ಲ. ಅದೇ ಗುಡ್ಡಮ್ಮನಿಗೆ ತಡೆಯಲಾಗದ್ದು. ಹೆತ್ತವಳಲ್ಲದಿದ್ದರೂ ಆ ಹುಡುಗಿಯ ಮೇಲೆ ಅವಳಿಗೆ ಅಷ್ಟು ಅಕ್ಕರೆ.

ಶುಕ್ರವಾರ ಬೆಳಿಗ್ಗೆ ಸಬೀಹಾ ಲ್ಯಾಬಿನ ಕಿಟಕಿಯ ಹತ್ತಿರ ಫೋನು ಹಿಡಿದು ನಂಬರು ಹುಡುಕುತ್ತಿದ್ದರು. ಗುಡ್ಡಮ್ಮ ನೇರ ಹೋಗಿ ಅವರ ಎದುರು ನಿಂತಳು, ಮಂಡಿಯವನ ಮುಂದೆ ನಿಂತಿದ್ದ ಹಾಗೆ.

"ಮೇಡಂ, ಅದು ನನ್ನ ಕೈಯಿಂದು."

"ಯಾವುದು?"

"ಆ ಬೆಳಕು. ಬುಧವಾರ ನೋಡಿದೆ, ಸತ್ತು ಹೋಗಿತ್ತು. ಬಣ್ಣ ಬರ್ಲಿ ಅಂತ ಚೊಗರು ಹಾಕಿದೆ."

ಸಬೀಹಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವರ ಮೆತ್ತಗಿನ ದನಿ ಎಲ್ಲಿ ಹೋಯಿತೋ! "ಯಾರನ್ನ ಕೇಳಿ ಹಾಕಿದ್ರಿ? ಆರು ವರ್ಷ ಗುಡ್ಡಮ್ಮಾ, ಆರು ವರ್ಷ! ಅಡಿಕೆ ಹಂಡೆ ಅಂದ್ಕೊಂಡ್ರಾ ಇದನ್ನ?" ಪಕ್ಕದ ಕೋಣೆಯಲ್ಲಿ ಕಲ್ಲೇಶ್ ಮೇಷ್ಟ್ರ ಪಾಠ ನಿಂತಿತು. ಗುಡ್ಡಮ್ಮ ತಲೆ ತಗ್ಗಿಸಲಿಲ್ಲ, ಕಣ್ಣೀರನ್ನೂ ಒರೆಸಿಕೊಳ್ಳಲಿಲ್ಲ.

ಬೈಯುತ್ತಿದ್ದವರು ಇದ್ದಕ್ಕಿದ್ದಂತೆ ಅರ್ಧಕ್ಕೇ ನಿಂತರು. "ಇರಿ. ಹಾಕೋ ಮುಂಚೆ ಎಂತ ಕಂಡಿತು ಅಂದ್ರಿ?"

"ಎಂತದೂ ಇಲ್ಲ. ಕಪ್ಪು."

"ಸರಿಯಾಗಿ ನೋಡಿದ್ರಾ? ಸ್ವಲ್ಪವೂ ಕೆಂಪು ಇರ್ಲಿಲ್ವಾ?"

"ಕಿಟಕಿಗೆ ಗೋಣಿ ಕಟ್ಟಿ ಎರಡೆರಡು ಸಲ ನೋಡಿದೀನಿ. ನಂದು ಬಣ್ಣ ನೋಡೋ ಕಣ್ಣು ಮೇಡಂ. ಒಲೆಯ ಬೂದಿ ಹಂಗೆ ಇತ್ತು."

ಸಬೀಹಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಗುಡ್ಡಮ್ಮನಿಗೆ ತಿಳಿಯಲಿಲ್ಲ, ಬಹುಶಃ ಅವರಿಗೂ ತಿಳಿದಿರಲಿಲ್ಲ. "ಹಂಗಾದ್ರೆ ಹಿಡೀತಾ ಇದೆ! ಗುಡ್ಡಮ್ಮಾ, ಅದು ಹಿಡೀತಾ ಇದೆ!" ಎಂದು ಅವಳ ಭುಜ ಹಿಡಿದು ಅಲುಗಾಡಿಸಿದರು. ಕೂಡಲೆ ಸಿಲಿಕಾ ಪುಡಿ ಬಳಿದ ಪುಟ್ಟ ಹಲಗೆಯ ಮೇಲೆ ಒಂದು ಹನಿ ಇಟ್ಟು, ಅದನ್ನು ದ್ರಾವಕದಲ್ಲಿ ಮೇಲೇರಿಸಿ ಲ್ಯಾಂಪು ಹಿಡಿದರು. ಒಂದು ಚುಕ್ಕೆ ಎರಡಾಗಿತ್ತು. ಮುಂದೆ ಓಡಿದ್ದು ಕೆಂಪಗೆ ಉರಿಯುತ್ತಿತ್ತು, ಹಿಂದೆ ಉಳಿದದ್ದು ಕಪ್ಪಗೆ ಗಂಭೀರವಾಗಿ ಕೂತಿತ್ತು.

ಬೆರೆತದ್ದನ್ನು ಬೇರೆ ಮಾಡಬಹುದು, ಆದರೆ ಅವತ್ತು ಸಂಜೆವರೆಗೂ ಕ್ಲಾಸಿತ್ತು, ಉಳಿದದ್ದು ಶನಿವಾರ ಒಂದೇ. ಭಾನುವಾರ ಸಬೀಹಾ ಬೆಂಗಳೂರಿನ ಬಸ್ಸು ಹತ್ತಬೇಕು. ಯಂತ್ರಕ್ಕೆ ಬೇಕಾದದ್ದು ಹತ್ತು ಮಿಲಿಗ್ರಾಂ, ಅರ್ಧ ಅಕ್ಕಿಕಾಳಿನ ತೂಕ. ಅದಕ್ಕಿಂತ ಕಮ್ಮಿಯಾದರೂ ಆಗದು, ಹಳೇ ಪುಡಿ ಸೋಂಕಿದರೂ ಆಗದು. ಶನಿವಾರ ಬೆಳಿಗ್ಗೆ ಉದ್ದನೆಯ ಗಾಜಿನ ಕೊಳವೆಗೆ ಬಿಳಿ ಸಿಲಿಕಾ ತುಂಬಿ, ಮೇಲಿನಿಂದ ನೇರಳೆ ದ್ರವ ಸುರಿದು, ದ್ರಾವಕ ಬಿಟ್ಟರು. ಬಣ್ಣ ಒಂದು ಪಟ್ಟಿಯಾಗಿ ಮೆಲ್ಲಗೆ ಇಳಿಯತೊಡಗಿತು. ಅದು ತುದಿಗೆ ಬರುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಿತು. ಸಬೀಹಾಗೆ ಕ್ಲಾಸು. ಸೋಮವಾರ ಪರೀಕ್ಷೆ ಇದ್ದ ಮಕ್ಕಳು ಕಾಯುತ್ತಿದ್ದರು, ಪಾಠ ಮಾಡಲು ಬೇರೆ ಯಾರೂ ಇರಲಿಲ್ಲ. ಕೊಳವೆಯನ್ನು ನಡುವೆ ನಿಲ್ಲಿಸಿದರೆ ಪಟ್ಟಿಗಳು ಹರಡಿ ಒಂದಕ್ಕೊಂದು ಸೇರಿಕೊಳ್ಳುತ್ತವೆ.

ಅವರು ಕೊಳವೆಯನ್ನು ನೋಡಿದರು, ಗುಡ್ಡಮ್ಮನನ್ನು ನೋಡಿದರು. ಆಮೇಲೆ ಲ್ಯಾಂಪನ್ನು ಅವಳ ಕೈಗಿಟ್ಟರು.

"ಟ್ಯೂಬು ತುಂಬಿದ ಹಾಗೆ ಬದಲಿಸ್ತಾ ಹೋಗಿ. ಮೊದಲು ಬರೋದು ಉರಿಯೋದು, ಆಮೇಲೆ ಬರೋದು ನಮ್ಮದು. ಎಲ್ಲಿ ಕಡೀಬೇಕು ಅನ್ನೋದು ನಿಮಗೆ ಬಿಟ್ಟಿದ್ದು."

"ನಂಗಾ? ಮೊನ್ನೆ ಅಷ್ಟು ಮಾಡಿದ ಮೇಲೂ ನಂಗೇ ಕೊಡ್ತೀಯಾ ಮಗಾ?"

"ನೀವು ಕಪ್ಪು ಅಂದಿದ್ದು ಕಪ್ಪೇ ಆಗಿತ್ತಲ್ಲ," ಎಂದು ಸಬೀಹಾ ಹಾಜರಿ ಪುಸ್ತಕ ಎತ್ತಿಕೊಂಡು ಓಡಿದರು.

ಗುಡ್ಡಮ್ಮ ಕೊಳವೆಯ ಕೆಳಗೆ ಮಣೆ ಹಾಕಿಕೊಂಡು ಕೂತಳು. ಮೊದಲ ಒಂಬತ್ತು ಟ್ಯೂಬುಗಳು ಕೆಂಪಗೆ ಉರಿದವು. ಹತ್ತನೆಯದು ಸ್ವಲ್ಪ ಕಮ್ಮಿ. ಹನ್ನೊಂದು, ಹನ್ನೆರಡು ಕಂಡೂ ಕಾಣದಂತೆ. ಹದಿಮೂರನೆಯದನ್ನು ಬೇರೆ ಯಾರು ನೋಡಿದ್ದರೂ ಕಪ್ಪು ಅನ್ನುತ್ತಿದ್ದರು. ಅವಳಿಗೆ ಮಾತ್ರ ಅದರ ಅಂಚಿನಲ್ಲಿ ಒಂದು ಎಳೆ ಕೆಂಪು ಕಂಡಿತು. ಅದನ್ನು ಸೇರಿಸಿದರೆ ತೂಕ ಹೆಚ್ಚುತ್ತದೆ, ಬಿಟ್ಟರೆ ಹತ್ತು ಮಿಲಿಗ್ರಾಂ ತುಂಬದೆಯೂ ಹೋಗಬಹುದು. ಕೈ ಆ ಕಡೆ ಈ ಕಡೆ ಆಡಿತು. ಅಡಿಕೆ ಆರಿಸುವಾಗ ಅವಳ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು, ಅನುಮಾನ ಬಂದ ಅಡಿಕೆ ರಾಶಿಗೆ ಬೇಡ. ಒಂದು ಕೆಟ್ಟ ಅಡಿಕೆ ಕಂಡರೆ ಮಂಡಿಯವನು ಮೂಟೆಯನ್ನೇ ಅನುಮಾನಿಸುತ್ತಾನೆ. ಗುಡ್ಡಮ್ಮ ಹದಿಮೂರನ್ನು ಎತ್ತಿ ಆಚೆ ಇಟ್ಟಳು, ಮನಸ್ಸು ಕಲ್ಲು ಮಾಡಿಕೊಂಡು ಹದಿನಾಲ್ಕನ್ನೂ ಇಟ್ಟಳು. ಹದಿನೈದರಿಂದ ಮುಂದಿನದು ಬೇರೆ ಸ್ಟ್ಯಾಂಡಿಗೆ ಹೋಯಿತು.

ಮಧ್ಯಾಹ್ನ ದ್ರಾವಕ ಆರಿಸಿ, ಉಳಿದ ಪುಡಿಯನ್ನು ಸಬೀಹಾ ತಕ್ಕಡಿಗಿಟ್ಟರು. ಗುಡ್ಡಮ್ಮ ಆ ಕಡೆ ನೋಡದೆ, ಆಗಲೇ ತೊಳೆದಿದ್ದ ಬೀಕರನ್ನು ಮತ್ತೆ ತೊಳೆಯುತ್ತಿದ್ದಳು.

"ಹನ್ನೊಂದು," ಅಂದರು ಸಬೀಹಾ. "ಹನ್ನೊಂದು ಮಿಲಿಗ್ರಾಂ ಗುಡ್ಡಮ್ಮಾ!"

ಕಿಟಕಿಗೆ ಗೋಣಿ ಕಟ್ಟಿದರು. ಸಬೀಹಾ ಚೂರೇ ಚೂರು ಕರಗಿಸಿದರು, ಲ್ಯಾಂಪನ್ನು ಈ ಸಲವೂ ಗುಡ್ಡಮ್ಮನೇ ಹಿಡಿದಳು. ಇಬ್ಬರೂ ಬಗ್ಗಿ ನೋಡಿದರು.

"ಎಂತ ಕಾಣ್ತದೆ?" ಸಬೀಹಾ ಪಿಸುಗುಟ್ಟಿದರು.

"ಎಂತದೂ ಇಲ್ಲ ಮೇಡಂ," ಅಂದಳು ಗುಡ್ಡಮ್ಮ. ಲ್ಯಾಂಪನ್ನು ಇನ್ನೂ ಹತ್ತಿರ ಹಿಡಿದಳು. "ಒಂದು ಹೆಂಚೂ ಬಿದ್ದಿಲ್ಲ."

ಭಾನುವಾರ ಬಸ್ಸಿಗೆ ಹೋಗುವ ಮೊದಲು ಸಬೀಹಾ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಆ ವಾರದ್ದನ್ನು ಬರೆದಿಟ್ಟರು. ಏನು ನಡೆದರೂ, ತಪ್ಪಾದರೂ, ಬರೆಯಲೇಬೇಕು ಎಂಬುದು ಅವರ ಗುರುಗಳ ಕಟ್ಟಪ್ಪಣೆ. ಗುಡ್ಡಮ್ಮ ಕನ್ನಡಕ ಹಾಕಿಕೊಂಡು ಅವರ ಭುಜದ ಮೇಲಿಂದ ಇಣುಕಿದಳು. ಅಂಕಿ ಸಂಖ್ಯೆಗಳ ನಡುವೆ, ಅವಳಿಗೆ ತಿಳಿಯಲೆಂದೋ ಏನೋ, ಕನ್ನಡದಲ್ಲಿ ಒಂದು ಸಾಲು ಇತ್ತು: ಮಾದರಿಗೆ ಹಳೆಯ ಪುಡಿ ಬೆರೆತಿತ್ತು, ಬೇರ್ಪಡಿಸಲಾಯಿತು.

"ತಾನಾಗೇ ಬೆರೀತಾ ಅದು?" ಅಂದಳು ಗುಡ್ಡಮ್ಮ. "ಹೆಸರು ಬರಿ."

"ಬೇಡ ಬಿಡಿ ಗುಡ್ಡಮ್ಮಾ. ನಾಳೆ ಯಾರ್ಯಾರೋ ಓದ್ತಾರೆ."

"ಓದ್ಲಿ. ಯಾರ ಕೈಯಿಂದು ಅಂತ ಕೇಳಿದ್ರೆ ರಾಶಿ ಮುಂದೆ ಯಾರೂ ಇಲ್ದೆ ಇರಬಾರದು."

ಸಬೀಹಾ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಬರೆದದ್ದನ್ನು ಹೊಡೆದು ಹಾಕಿ, ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದರು: ಬೆರೆಸಿದ್ದು ಗುಡ್ಡಮ್ಮ. ಬೇರ್ಪಡಿಸಿದ್ದೂ ಗುಡ್ಡಮ್ಮ.

ಗುಡ್ಡಮ್ಮ ಅದನ್ನು ಬೆರಳಿಟ್ಟು ಎರಡು ಸಲ ಓದಿಕೊಂಡಳು. ಆಮೇಲೆ, ಬಸ್ಸು ತಪ್ಪುತ್ತದೆ ಎದ್ದೇಳು ಅಂತ ಮೇಡಮ್ಮನ್ನೇ ಗದರಿದಳು.